ಹತ್ತು ದಿನ, ಒಂದೇ ದೇಶ, ಅದೂ ಉತ್ತರ ಮ್ಯಾಸಿಡೋನಿಯಾ

ಬರುವ ಆಗಸ್ಟ್ ಕೊನೆಯಲ್ಲಿ ಹತ್ತು ದಿನ ರಜೆ ಹಾಕಿ ಆಗ್ನೇಯ ಯುರೋಪಿನ ಉತ್ತರ ಮ್ಯಾಸಿಡೋನಿಯಾಕ್ಕೆ ಹೋಗುವುದೆಂದು ನಾವಿಬ್ಬರೂ ತೀರ್ಮಾನಿಸಿದ ಸುದ್ದಿ ಬಂಧುಗಳ ವಾಟ್ಸ್‌ಆ್ಯಪ್ ಗುಂಪಿಗೆ ತಲುಪಿದ ಕೂಡಲೇ ಬಂದ ಮೊದಲ ಪ್ರಶ್ನೆ, ‘ಅಲ್ಲೇನಿದೆ?’ ಎರಡನೆಯದು, ‘ಒಮ್ಮೆ ಹೋಗಿ ಬಂದಿದ್ದೀರಲ್ಲ, ಮತ್ತೇಕೆ?’ ಹನ್ನೆರಡು ದಿನಕ್ಕೆ ಏಳು ದೇಶ ತೋರಿಸುವ ಪ್ರವಾಸಗಳಿಗೆ ಒಗ್ಗಿಹೋದ ನಮಗೆ ಈ ಪ್ರಶ್ನೆಗಳು ಸಹಜ. ಆದರೆ ಕರ್ನಾಟಕದ ಏಳನೇ ಒಂದು ಭಾಗಕ್ಕಿಂತಲೂ ತುಸು ಚಿಕ್ಕದಾದ, ಸುಮಾರು 18 ಲಕ್ಷ ಜನರಿರುವ ಈ ದೇಶವನ್ನು ಅಕ್ಕಪಕ್ಕದ ನಾಲ್ಕು ದೇಶಗಳ ಜೊತೆ ಪೋಣಿಸಿ ಅರ್ಧ ದಿನದಲ್ಲಿ ಮುಗಿಸುವುದಾದರೆ ಹೋಗದಿರುವುದೇ ವಾಸಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ವೀಸಾದ ಮಾತು, ಏಕೆಂದರೆ ನಾವು ಎಡವಿದ್ದು ಅಲ್ಲಿಯೇ. ಈ ದೇಶ ಐರೋಪ್ಯ ಒಕ್ಕೂಟದಲ್ಲೂ ಇಲ್ಲ, ಒಂದೇ ವೀಸಾದಲ್ಲಿ ಯುರೋಪಿನ ಹಲವು ದೇಶ ಸುತ್ತಬಹುದಾದ ಷೆಂಗೆನ್ ವಲಯದಲ್ಲೂ ಇಲ್ಲ. ಆದರೂ ಹಲವು ಪ್ರವೇಶಗಳ ಷೆಂಗೆನ್ ವೀಸಾ ಕೈಯಲ್ಲಿದ್ದರೆ ಭಾರತೀಯರು ಒಂದು ಸಲಕ್ಕೆ 15 ದಿನ ಅಲ್ಲಿ ಬೇರೆ ವೀಸಾ ಇಲ್ಲದೆ ಇರಬಹುದು (ನಿಯಮ ಬದಲಾಗುವುದುಂಟು, ಟಿಕೆಟ್ ಕೊಳ್ಳುವ ಮುನ್ನ ದೆಹಲಿಯ ಅವರ ರಾಯಭಾರ ಕಚೇರಿಯನ್ನು ಕೇಳಿಕೊಳ್ಳಿ). ಮೊದಲ ಸಲ ನಮ್ಮ ಏಜೆಂಟರು ಇದನ್ನು ಗಮನಿಸದೆ ಒಂದೇ ಪ್ರವೇಶದ ವೀಸಾ ಮಾಡಿಸಿದ್ದರು. ಸ್ಟಿಕ್ಕರಿನಲ್ಲಿ ‘ಮಲ್ಟ್’ ಎಂದಿರಬೇಕಾದ ಕಡೆ ‘01’ ಎಂದಿದ್ದದ್ದನ್ನು ನನ್ನ ಹೆಂಡತಿ ನೋಡಿದ್ದು ಹೊರಡುವುದಕ್ಕೆ ಒಂಬತ್ತು ದಿನ ಇರುವಾಗ. ಆ ವರ್ಷ ಇಟಲಿಯಲ್ಲೇ ತಿರುಗಾಡಿ ವಾಪಸಾದೆವು. ಮ್ಯಾಸಿಡೋನಿಯಾ ಒದಗಿದ್ದು ಅದರ ಮರುವರ್ಷ.

ರಾಜಧಾನಿ ಸ್ಕೋಪ್ಯೆಗೆ ಎರಡು ದಿನ ಸಾಕು. ಊರ ನಡುವೆ 2011ರಲ್ಲಿ ನಿಲ್ಲಿಸಿದ ಅಲೆಕ್ಸಾಂಡರನ ದೈತ್ಯ ಪ್ರತಿಮೆಗೆ, ಅಲೆಕ್ಸಾಂಡರ್ ಯಾರಿಗೆ ಸೇರಿದವನು ಎಂದು ಗ್ರೀಸಿನ ಜೊತೆಗಿದ್ದ ಜಗಳದ ಕಾರಣ, ‘ಕುದುರೆ ಏರಿದ ಯೋಧ’ ಎಂದಷ್ಟೇ ಹೆಸರಿಟ್ಟಿದ್ದಾರೆ. ಅದರ ಸುತ್ತ ಸಾಲುಗಟ್ಟಿರುವ ಇನ್ನಷ್ಟು ಪ್ರತಿಮೆಗಳನ್ನು ಕಂಡಾಗ, ಕಟೌಟ್‌ಗಳ ನಾಡಿನಿಂದ ಹೋದ ನನಗೇ ಇದು ಅತಿಯಾಯಿತು ಅನ್ನಿಸಿತು. ಮನಸ್ಸಿನಲ್ಲಿ ಉಳಿದದ್ದು ಹಳೆಯ ರೈಲು ನಿಲ್ದಾಣದ ಗಡಿಯಾರ. 1963ರ ಜುಲೈ 26ರ ಮುಂಜಾನೆ ಭೂಕಂಪವಾಗಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಗ ನಿಂತ ಗಡಿಯಾರದ ಮುಳ್ಳುಗಳನ್ನು 5.17ರಲ್ಲೇ ಬಿಟ್ಟು, ಕುಸಿದ ನಿಲ್ದಾಣವನ್ನು ನಗರದ ಸಂಗ್ರಹಾಲಯ ಮಾಡಿದ್ದಾರೆ. 1910ರಲ್ಲಿ ಇದೇ ಊರಲ್ಲಿ ಹುಟ್ಟಿದ ಮದರ್ ತೆರೇಸಾ ಅವರಿಗೆ ದೀಕ್ಷಾಸ್ನಾನ ಮಾಡಿಸಿದ ಚರ್ಚೂ ಆ ಭೂಕಂಪದಲ್ಲಿ ಹೋಯಿತು. ಆ ಜಾಗದಲ್ಲಿ ಈಗ ಅವರ ಸ್ಮಾರಕ ಭವನವಿದೆ.

ಉಳಿದ ದಿನಗಳೆಲ್ಲ ಓಹ್ರಿಡ್ ಸರೋವರಕ್ಕೆ. ಸ್ಕೋಪ್ಯೆಯಿಂದ ಬಸ್ಸಿನಲ್ಲಿ ಮೂರೂವರೆ ಗಂಟೆಯ ದಾರಿ. ಯುರೋಪಿನ ಅತಿ ಹಳೆಯ ಸರೋವರಗಳಲ್ಲಿ ಒಂದಾದ ಇದರ ಗರಿಷ್ಠ ಆಳ 288 ಮೀಟರ್. ಕನೇಯೊ ಬಂಡೆಯ ಮೇಲಿನ ಸಂತ ಜಾನರ ಪುಟ್ಟ ಚರ್ಚಿನ ಫೋಟೊವನ್ನು ನೀವು ಎಲ್ಲಿಯಾದರೂ ನೋಡಿರುತ್ತೀರಿ. ಫೋಟೊದಲ್ಲಿ ಸಿಗದ ಒಂದು ಜಾಗ ಅಲ್ಬೇನಿಯಾದ ಗಡಿಗೆ ತಾಗಿದಂತಿರುವ ಸಂತ ನೌಮ್ ಮಠದ ಬಳಿಯ ಬುಗ್ಗೆಗಳು. ಪಕ್ಕದ ಪ್ರೆಸ್ಪಾ ಸರೋವರ ಓಹ್ರಿಡ್‌ಗಿಂತ ಸುಮಾರು 150 ಮೀಟರ್ ಎತ್ತರದಲ್ಲಿದ್ದು, ಅದರ ನೀರು ಗಲಿಚಿಟ್ಸಾ ಬೆಟ್ಟದ ಸುಣ್ಣದ ಕಲ್ಲಿನೊಳಗೆ ಇಳಿದು ಇಲ್ಲಿ ಮೇಲೇಳುತ್ತದೆ. ನಮ್ಮ ದೋಣಿಯವನು ನಡುವೆ ಹುಟ್ಟು ಹಾಕುವುದನ್ನು ನಿಲ್ಲಿಸಿ, ಮಾತಾಡದೆ ಕೆಳಗೆ ಬೆರಳು ತೋರಿಸಿದ. ಗಾಜಿನಂಥ ನೀರಿನ ತಳದಲ್ಲಿ ಮರಳು ಕುದಿಯುವ ಗಂಜಿಯ ಹಾಗೆ ತಕತಕನೆ ಏಳುತ್ತಿತ್ತು. ಕೈಯದ್ದಿದರೆ ಕೊರೆಯುವ ತಣ್ಣೀರು. ಅರ್ಧ ದಿನದ ಗುಂಪುಗಳಿಗೆ ಈ ದೋಣಿ ಹತ್ತಲು ಪುರುಸೊತ್ತು ಇರುವುದಿಲ್ಲ.

ಸಸ್ಯಾಹಾರಿಗಳು ಒಂದೇ ಒಂದು ಪದ ಕಲಿತುಕೊಂಡು ಹೋಗಬೇಕು: ‘ಪೋಸ್ನೋ’. ಆರ್ಥಡಾಕ್ಸ್ ಕ್ರೈಸ್ತರ ಉಪವಾಸದ ಊಟಕ್ಕೆ ಆ ಹೆಸರು. ಅದರಲ್ಲಿ ಮಾಂಸ, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ, ಆದರೆ ಮೀನು ಕೆಲವು ದಿನ ಸಲ್ಲುವುದರಿಂದ ಅದೊಂದನ್ನು ಪ್ರತ್ಯೇಕವಾಗಿ ಬೇಡವೆನ್ನಬೇಕು. ಮೊದಲ ದಿನ ‘ಮಾಂಸ ಬೇಡ’ ಎಂದು ಹೇಳಿಯೂ ಮಾಂಸದ ಚೂರುಗಳಿದ್ದ ಸೂಪನ್ನು ಎದುರಿಗಿಟ್ಟುಕೊಂಡು ಕೂತ ನನ್ನ ಹೆಂಡತಿಗೆ ಈ ಪದವನ್ನು ಕಲಿಸಿದವರು ನಾವು ಉಳಿದುಕೊಂಡಿದ್ದ ಮನೆಯ ಯಜಮಾನಿ. ಆಮೇಲೆ ಊಟದ ಚಿಂತೆ ಬರಲಿಲ್ಲ. ಮಣ್ಣಿನ ಪಾತ್ರೆಯಲ್ಲಿ ಈರುಳ್ಳಿ, ಕೆಂಪು ಮೆಣಸಿನ ಜೊತೆ ಬೇಯಿಸಿದ ‘ತಾವ್ಚೆ ಗ್ರಾವ್ಚೆ’ ಎಂಬ ಬಿಳಿ ಬೀನ್ಸ್ ಕಾಳಿನ ಖಾದ್ಯ, ಒಲೆಯಿಂದ ಆಗಷ್ಟೇ ಬಂದ ರೊಟ್ಟಿ, ಸುಟ್ಟ ಕೆಂಪು ದೊಣ್ಣೆಮೆಣಸಿನಕಾಯಿಯ ‘ಐವಾರ್’ ಚಟ್ನಿ ಇವಿಷ್ಟರಲ್ಲೇ ಐದು ದಿನ ಸುಖವಾಗಿ ಕಳೆದವು.

ಈ ಸಲ ಆಗಸ್ಟ್ ಕೊನೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಓಹ್ರಿಡ್‌ನಿಂದ ಹದಿನೈದು ಕಿಲೋಮೀಟರ್ ಆಚೆ, ದ್ರಿನ್ ನದಿ ಸರೋವರದಿಂದ ಹೊರಡುವ ಸ್ಟ್ರುಗಾ ಎಂಬ ಊರಿನಲ್ಲಿ 1960ರ ದಶಕದ ಆರಂಭದಿಂದ ಕಾವ್ಯೋತ್ಸವ ನಡೆಯುತ್ತಿದೆ. ಕವಿಗಳು ನದಿಯ ಸೇತುವೆಯ ಮೇಲೆ ನಿಂತು ಓದುತ್ತಾರೆ, ಜನ ಎರಡೂ ದಡದಲ್ಲಿ ನಿಂತು ಕೇಳುತ್ತಾರೆ. ಚಿಲಿಯ ಕವಿ ಪಾಬ್ಲೊ ನೆರೂದಾಗೆ ಸಂದ ಅದರ ಸ್ವರ್ಣಮಾಲೆ ಪ್ರಶಸ್ತಿ 1983ರಲ್ಲಿ ನಮ್ಮ ಹಿಂದಿ ಕವಿ ಅಜ್ಞೇಯರಿಗೂ ಸಂದಿದೆ. ಕಳೆದ ಸಲ ನಾವು ಆ ಸೇತುವೆ ತಲುಪಿದ್ದು ಸೆಪ್ಟೆಂಬರಿನಲ್ಲಿ, ಕವಿಗಳೆಲ್ಲ ಮನೆಗೆ ಹೋದ ಮೇಲೆ. ಈಗ ರಜೆ ಮಂಜೂರಾಗಿದೆ, ಸ್ಟ್ರುಗಾದಲ್ಲಿ ಕೋಣೆ ಸಿಕ್ಕಿದೆ. ವೀಸಾ ಅರ್ಜಿಯನ್ನು ಈ ಬಾರಿ ನನ್ನ ಹೆಂಡತಿಯೇ ತುಂಬುತ್ತಿದ್ದಾಳೆ.