ಮಿಷನ್‌ನ ಅದರ ಪಾಡಿಗೆ ಬಿಡ್ರಪ್ಪಾ

ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೀತಿದೀನಿ, ಉದ್ದ ಆಗುತ್ತೆ, ಓದೋರು ಓದಿ. ನಾನು ಕ್ವಾಲಿಟಿ ಡಿಪಾರ್ಟ್‌ಮೆಂಟಿನವನು ಅಂತ ಇಲ್ಲಿರೋ ಎಲ್ರಿಗೂ ಗೊತ್ತು, ಕಂಟ್ರೋಲ್ ಚಾರ್ಟ್ (ಅಳತೆಗಳನ್ನ ಸಾಲಾಗಿ ಬಿಂದು ಹಾಕಿ, ಮಾಮೂಲಿ ಏರುಪೇರಿಗೆ ಮೇಲೊಂದು ಕೆಳಗೊಂದು ಗೆರೆ ಎಳೆದಿರೋ ಚಾರ್ಟು) ವಿಷಯಕ್ಕೆ ಜಗಳಕ್ಕೇ ನಿಲ್ತೀನಿ ಅಂತಾನೂ ಗೊತ್ತು.

ಇವತ್ತು ನಡೆದಿದ್ದು ಇಷ್ಟು. ಸಿಎನ್‌ಸಿ ಲೇತಲ್ಲಿ, ಅಂದ್ರೆ ಕಂಪ್ಯೂಟರ್ ಹೇಳಿದ ಹಾಗೆ ಕಡೆಯೋ ಮಿಷನ್ನಲ್ಲಿ, ಶಾಫ್ಟ್ ಟರ್ನಿಂಗ್ ನಡೀತಿದೆ, ಸೈಜು 25 ಮಿಲಿಮೀಟರ್, ಟಾಲರೆನ್ಸ್ (ಡ್ರಾಯಿಂಗ್ ಒಪ್ಪೋ ವ್ಯತ್ಯಾಸ) ಪ್ಲಸ್ ಮೈನಸ್ 20 ಮೈಕ್ರಾನ್, ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್. ಒಂದು ಪೀಸ್ 9 ಮೈಕ್ರಾನ್ ಜಾಸ್ತಿ ಬಂತು. ಹಿಂದೆ ನಿಂತಿದ್ದ ಸೂಪರ್‌ವೈಸರ್ "ಏನಪ್ಪಾ ನೋಡ್ತಾ ನಿಂತಿದೀಯಾ, ಆಫ್‌ಸೆಟ್ ಕೊಡು" ಅಂದ್ರು, ಅಂದ್ರೆ ಟೂಲಿನ ಜಾಗ ಚೂರು ಸರಿಸಿ ಸೈಜು ತಿದ್ದು ಅಂತ. ಆಪರೇಟರ್ "ಇರ್ಲಿ ಸಾರ್, ಮುಂದಿನ ಪೀಸ್ ನೋಡೋಣ" ಅಂದ, ಕೇಳ್ಲಿಲ್ಲ. 9 ಮೈಕ್ರಾನ್ ಕಮ್ಮಿ ಮಾಡ್ಸಿದ್ರು. ಮುಂದಿನ ಪೀಸ್ 11 ಮೈಕ್ರಾನ್ ಕಮ್ಮಿ ಬಂತು. ಆಗ ಬೈಗುಳ ಶುರು, ಮತ್ತೆ ಆಫ್‌ಸೆಟ್, ಮತ್ತೆ ಏರುಪೇರು. ಬೈಸಿಕೊಂಡಿದ್ದು ಯಾರು? ಸರಿಯಾಗಿ ಹೇಳಿದ್ದ ಆ ಹುಡುಗ!

ಮಿಷನ್ ಮೇಲೇ ಚಾರ್ಟ್ ನೇತಾಕಿದಾರೆ ಕಣ್ರೀ, ತಲೆಯೆತ್ತಿ ನೋಡಿದ್ರೆ ಸಾಕಿತ್ತು. ಐದೈದು ಪೀಸ್ ಅಳೆದು ಹಾಕಿರೋ ಚಾರ್ಟು, ಅದರಲ್ಲಿ ಸರಾಸರಿ ರೇಂಜು (ಐದರಲ್ಲಿ ದೊಡ್ಡದಕ್ಕೂ ಚಿಕ್ಕದಕ್ಕೂ ಇರೋ ಅಂತರ) 10 ಮೈಕ್ರಾನ್. ಅದನ್ನ ಐದು ಪೀಸಿನ ಗುಂಪಿಗೆ ಅಂತ ಇರೋ 2.326ರಿಂದ ಭಾಗಿಸಿದ್ರೆ ಸಿಗ್ಮಾ, ಅಂದ್ರೆ ಅಳತೆ ಎಷ್ಟು ಹರಡುತ್ತೆ ಅನ್ನೋ ಲೆಕ್ಕ, ಸುಮಾರು 4.3 ಮೈಕ್ರಾನ್. ಅಂದ್ರೆ ಮಿಷನ್ ಸರಿಯಾಗಿ ಸೆಂಟರಲ್ಲೇ ಇದ್ದು, ಯಾರೂ ಏನೂ ಮುಟ್ಟದೇ ಇದ್ರೂ ಒಂದೊಂದು ಪೀಸ್ ಮೂರು ಸಿಗ್ಮಾ, ಅಂದ್ರೆ 13 ಮೈಕ್ರಾನ್‌ವರೆಗೆ ಆ ಕಡೆ ಈ ಕಡೆ ಹೋಗೇ ಹೋಗುತ್ತೆ. ಮೆಟೀರಿಯಲ್ ಗಡಸುತನ, ಕೂಲೆಂಟು, ಸ್ಪಿಂಡಲ್ ಬಿಸಿ, ಕ್ಲ್ಯಾಂಪಿಂಗ್, ಅಳೆಯೋ ಕೈ, ಎಲ್ಲಾ ಚೂರುಚೂರು ಸೇರಿ ಆಗೋದು ಅದು. 9 ಮೈಕ್ರಾನ್ ಅನ್ನೋದು ಆ ಮಿಷನ್ನಿಗೆ ಮಾಮೂಲಿ ಉಸಿರಾಟ. ಅದಕ್ಕೆ ಔಷಧಿ ಕೊಟ್ರೆ ಏನಾಗುತ್ತೆ?

ಏನಾಗುತ್ತೆ ಅಂತ ಕ್ವಾಲಿಟಿ ಪಾಠ ಹೇಳಿದ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡೆಮಿಂಗ್ ತೋರ್ಸಿದಾರೆ. ಟೇಬಲ್ ಮೇಲೆ ಒಂದು ಗುರುತು, ಅದರ ನೇರಕ್ಕೆ ಒಂದು ಫನಲ್, ಅದರೊಳಗಿಂದ ಗೋಲಿ ಬಿಡೋದು. ಫನಲ್ ಮುಟ್ಟದೇ ಗೋಲಿ ಬಿಡ್ತಾ ಹೋದ್ರೆ ಗುರುತಿನ ಸುತ್ತ ಒಂದಷ್ಟು ಹರಡುತ್ತೆ. ಪ್ರತಿ ಸಲ ಎಷ್ಟು ತಪ್ಪಿತೋ ಅಷ್ಟೇ ಫನಲನ್ನ ಎದುರು ದಿಕ್ಕಿಗೆ ಸರಿಸ್ತಾ ಹೋದ್ರೆ ವೇರಿಯನ್ಸ್ (ಸಿಗ್ಮಾದ ವರ್ಗ) ಡಬಲ್ ಆಗುತ್ತೆ, ಸಿಗ್ಮಾ 1.41 ಪಟ್ಟು. ನಮ್ಮ ಲೇತಿಗೆ ಈ ಲೆಕ್ಕ ಹಾಕಿ, 4.3 ಹೋಗಿ 6.1 ಆಗುತ್ತೆ, 13 ಮೈಕ್ರಾನ್ ಹರಡ್ತಿದ್ದಿದ್ದು 18ಕ್ಕೆ ಬರುತ್ತೆ, ಸಿಪಿ (ಟಾಲರೆನ್ಸ್ ಅಗಲ ಆರು ಸಿಗ್ಮಾದ ಎಷ್ಟು ಪಟ್ಟು ಅನ್ನೋದು) 1.55 ಇದ್ದಿದ್ದು 1.1ರ ಹತ್ರ ಇಳಿಯುತ್ತೆ. 20 ಮೈಕ್ರಾನ್ ಗೆರೆಗೆ ಮೂಗು ತಾಗ್ತಾ ಇರುತ್ತೆ. ಹಾಳಾಗಿಲ್ಲದ ಮಿಷನ್ನನ್ನ ಶ್ರದ್ಧೆಯಿಂದ, ಕಷ್ಟಪಟ್ಟು, ಗಂಟೆಗಟ್ಟಲೆ ಕೆಲಸ ಮಾಡಿ ಹಾಳು ಮಾಡೋದು ಇದು, ನನಗೆ ಹೊಟ್ಟೆ ಉರಿಯೋದು ಇದಕ್ಕೇ.

ಇದೇನು ಹೊಸ ವಿಷಯಾನಾ? ಟೆಲಿಫೋನ್ ಸಾಮಾನು ಮಾಡ್ತಿದ್ದ ವೆಸ್ಟರ್ನ್ ಎಲೆಕ್ಟ್ರಿಕ್‌ನಲ್ಲಿ ವಾಲ್ಟರ್ ಶೂಹಾರ್ಟ್ ಒಂದೇ ಪುಟದ ಮೆಮೊದಲ್ಲಿ ಕಂಟ್ರೋಲ್ ಚಾರ್ಟ್ ಬರೆದು ಕೊಟ್ಟಿದ್ದು 1924ರ ಮೇ ತಿಂಗಳಲ್ಲಿ. ನೂರು ವರ್ಷ ದಾಟಿದೆ! ಯಾವ ಏರುಪೇರು ಪ್ರಕ್ರಿಯೆಯ ಒಳಗಿನದ್ದು, ಯಾವುದಕ್ಕೆ ಹೊರಗಿಂದ ಬಂದ ಬೇರೆ ಕಾರಣ ಇದೆ ಅಂತ ಬೇರೆ ಮಾಡಿ ತೋರ್ಸೋಕೇ ಆ ಮೂರು ಸಿಗ್ಮಾ ಗೆರೆಗಳು ಇರೋದು. ಗೆರೆ ಒಳಗಿದ್ರೆ ಕೈ ಕಟ್ಕೊಂಡು ನಿಲ್ಲು, ಹೊರಗೆ ಹೋದ್ರೆ ನಿಲ್ಲಿಸಿ ಕಾರಣ ಹುಡುಕು. ಅರ್ಧ ಕೆಲಸ ಸುಮ್ಮನಿರೋದೇ, ಆದ್ರೆ ಸುಮ್ಮನಿರೋದನ್ನ ಕೆಲಸ ಅಂತ ಒಪ್ಪೋಕೆ ಯಾರೂ ರೆಡಿ ಇಲ್ಲ.

ಅದೇ ಚಾರ್ಟಿನ ಮೇಲೆ ಇನ್ನೊಂದು ಅನ್ಯಾಯ ನೋಡ್ದೆ. ಯಾರೋ ಸ್ಕೆಚ್ ಪೆನ್ನಲ್ಲಿ 25.020 ಅಂತ ಡ್ರಾಯಿಂಗಿನ ಟಾಲರೆನ್ಸ್ ಗೆರೆ ಎಳೆದಿದಾರೆ, ಸರಾಸರಿ ಚಾರ್ಟಿನ ಮೇಲೆ! ಸರಾಸರಿ ಒಂಟಿ ಪೀಸಿನಷ್ಟು ಓಲಾಡಲ್ಲ, ಐದು ಪೀಸಿನ ಸರಾಸರಿಯ ಕಂಟ್ರೋಲ್ ಗೆರೆ ಇಲ್ಲಿ 25ರಿಂದ ಬರೀ 5.8 ಮೈಕ್ರಾನ್ ದೂರ. ಸರಾಸರಿ 25.020 ಮುಟ್ಟೋವರೆಗೆ ಕಾಯ್ತಾ ಕೂತ್ರೆ ಅಷ್ಟೊತ್ತಿಗೆ ಅರ್ಧ ಮಾಲು ರಿಜೆಕ್ಟ್ ಆಗಿರುತ್ತೆ. ಒಂದು ಪೀಸಿಗೆ ಗಾಬರಿ ಬಿದ್ದು ಆಫ್‌ಸೆಟ್ ಕೊಡೋರು, ಸರಾಸರಿ ನಿಜವಾಗ್ಲೂ ಸರೀತಿದ್ರೆ ನೋಡೋದೇ ಇಲ್ಲ.

"ಟೂಲ್ ಸವೆಯುತ್ತಲ್ಲ, ಆಫ್‌ಸೆಟ್ ಕೊಡದೇ ಹೇಗೆ" ಅಂತ ಕಾಮೆಂಟಲ್ಲಿ ಬರ್ತೀರ ಅಂತ ಗೊತ್ತು. ಸವೆಯುತ್ತೆ, ಯಾರು ಇಲ್ಲ ಅಂದ್ರು? ಇನ್ಸರ್ಟ್ (ಟೂಲಿನ ಕತ್ತರಿಸೋ ತುದಿ) ಸವೆದ್ರೆ ಶಾಫ್ಟ್ ಸೈಜು ಮೆಲ್ಲಗೆ ಮೇಲೇರ್ತಾ ಹೋಗುತ್ತೆ, ಚಾರ್ಟಲ್ಲಿ ಬಿಂದುಗಳು ಏರೋದು ಕಣ್ಣಿಗೆ ಕಾಣುತ್ತೆ. ಒಂದೇ ಪೀಸಲ್ಲಿ 9 ಮೈಕ್ರಾನ್ ಸವೆದು ಮುಂದಿನ ಪೀಸಲ್ಲಿ ಬೆಳೆಯೋ ಇನ್ಸರ್ಟ್ ಇದೆಯಾ ಎಲ್ಲಾದ್ರೂ? ಎಷ್ಟು ಪೀಸಿಗೆ ಎಷ್ಟು ಏರುತ್ತೆ ಅಂತ ಒಂದು ಸಲ ಪ್ಲಾಟ್ ಮಾಡಿ ಹಿಡ್ಕೊಂಡ್ರೆ, ಅಷ್ಟಷ್ಟಕ್ಕೆ ಲೆಕ್ಕ ಹಾಕಿ ಆಫ್‌ಸೆಟ್ ಕೊಡ್ಬಹುದು, ಅದಕ್ಕೆ ನನ್ನ ತಕರಾರಿಲ್ಲ. ಈಗ ಆಟೋಮ್ಯಾಟಿಕ್ ಗೇಜ್ ಬಂದಿದೆ ಅಂತೀರಾ, ಅದೂ ಪ್ರತಿ ಅಳತೆಗೂ ಪೂರ್ತಿ ತಿದ್ದೋ ಹಾಗೆ ಸೆಟ್ ಮಾಡಿದ್ರೆ ಇದೇ ತಪ್ಪನ್ನ ಇನ್ನೂ ಜೋರಾಗಿ ಮಾಡುತ್ತೆ.

ನಿಜ ಹೇಳ್ಬೇಕಂದ್ರೆ ನನಗೆ ತಡೆಯೋಕಾಗದೇ ಇರೋದು ಆ ಹುಡುಗನ ಮುಖ. ದಿನಾ ಆ ಮಿಷನ್ ಜೊತೆ ಇರೋನು ಅವನು, ಅದರ ಸದ್ದಲ್ಲೇ ಇನ್ಸರ್ಟ್ ಹೋಗಿದೆ ಅಂತ ಹೇಳ್ತಾನೆ. ಹೀಗೆ ಬೈಸಿಕೊಂಡೋರು ಆಮೇಲೆ ಏನ್ ಮಾಡ್ತಾರೆ ಗೊತ್ತಾ, ಶಿಫ್ಟ್ ಮುಗಿಯೋ ಹೊತ್ತಿಗೆ ಕೂತು ಎಲ್ಲಾ ಬಿಂದೂನೂ ಸೆಂಟರ್ ಗೆರೆಗೆ ಅಂಟಿಸಿ ಬರೆದಿಡ್ತಾರೆ. ಆಡಿಟ್ಟಿಗೆ ಚಂದ ಕಾಣುತ್ತೆ, ಮಿಷನ್ ಬಗ್ಗೆ ಒಂದಕ್ಷರಾನೂ ಹೇಳಲ್ಲ.

ನಾಳೆ ಬೆಳಿಗ್ಗೆ ಆ ಸೂಪರ್‌ವೈಸರ್ ಹತ್ರ ಹೋಗಿ ಕೇಳೋನಿದೀನಿ. ಒಂದು ಬಿಂದು ಗೆರೆ ದಾಟ್ಲಿ, ಇಲ್ಲಾ ಸಾಲಾಗಿ 8 ಬಿಂದು ಸೆಂಟರಿನ ಒಂದೇ ಕಡೆ ಬರ್ಲಿ, ಇಲ್ಲಾ ಏರುತ್ತಿರೋದು ಸ್ಪಷ್ಟ ಕಾಣ್ಲಿ, ಆಗ ಮಿಷನ್ ನಿಲ್ಲಿಸೋ ಅಧಿಕಾರ ಆ ಆಪರೇಟರಿಗೇ ಕೊಡಿ. ಅಲ್ಲಿವರೆಗೆ ಆಫ್‌ಸೆಟ್ ಪೇಜಿಗೆ ಯಾರೂ ಹೋಗ್ಬೇಡಿ, ನೀವೂ ಸೇರಿ.