ಕೆರ್ ಸುಮ್ಮನಿರಬೇಕಿತ್ತಾ?

ಪರಸ್ಪರ ಮಾತಿನ ಪೆಟ್ಟು ಕೊಡುವ 1500 ಮೀಟರ್ ಓಟಗಾರರಾದ ಜೋಶ್ ಕೆರ್ ಮತ್ತು ಯಾಕೊಬ್ ಇಂಗೆಬ್ರಿಗ್ಟ್‌ಸನ್ ಸುದ್ದಿ ಬಂದಾಗಲೆಲ್ಲ ಓಟ ಇಷ್ಟಪಡುವ ಗೆಳೆಯರು ಒಂದೇ ಮಾತು ಹೇಳುತ್ತಾರೆ. "ಇಬ್ಬರೂ ಸುಮ್ನೆ ಓಡಲಿ, ಮಾತು ಯಾಕೆ?" ನನಗೆ ಇದು ಒಪ್ಪಿಗೆಯಿಲ್ಲ. 1500 ಮೀಟರ್ ಓಟಕ್ಕೆ ಈಚೆಗೆ ಇಷ್ಟು ಕಳೆ ಬಂದಿದ್ದರೆ ಅದರಲ್ಲಿ ಆ ಮಾತುಗಳ ಪಾಲೂ ಇದೆ.

2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಶಿಪ್. ನಾರ್ವೆಯ ಯಾಕೊಬ್ ಆಗಲೇ ಟೋಕಿಯೊ ಒಲಿಂಪಿಕ್ಸ್ ಚಿನ್ನ ಗೆದ್ದಿದ್ದ. ಫೈನಲ್‌ನಲ್ಲಿ ಮುಂದೆ ಓಡುತ್ತಿದ್ದವನೂ ಅವನೇ. ಕೊನೆಯ 200 ಮೀಟರ್‌ನಲ್ಲಿ ಸ್ಕಾಟ್ಲೆಂಡಿನ ಕೆರ್ ಪಕ್ಕಕ್ಕೆ ಬಂದ, ದಾಟಿದ, ಗೆದ್ದ. ಅಂತರ 0.27 ಸೆಕೆಂಡು. ಆಮೇಲೆ ಯಾಕೊಬ್ ತನಗೆ ಹುಷಾರಿರಲಿಲ್ಲ ಎಂದ. ಅದು ನಿಜವೇ ಇರಬಹುದು, ತಕರಾರಿಲ್ಲ. ಆದರೆ ಗೆದ್ದವನನ್ನು ಯಾರೋ ಇನ್ನೊಬ್ಬ ಓಟಗಾರ ಅನ್ನುವ ಹಾಗೆ ಮಾತಾಡಿದ. ಅಲ್ಲಿ ಅವನು ತಪ್ಪಿದ. ಸೋತ ದಿನ ಗೆದ್ದವನ ಪಾಲನ್ನು ಗೆದ್ದವನಿಗೆ ಕೊಡಲೇಬೇಕು.

ಕೆರ್ ಸುಮ್ಮನಿರಲಿಲ್ಲ. ಯಾಕೊಬ್‌ನ ಓಟದಲ್ಲಿ ದೊಡ್ಡ ದೌರ್ಬಲ್ಯವಿದೆ, ಪೇಸ್‌ಮೇಕರ್‌ಗಳು (ಮುಂದೆ ಓಡಿ ವೇಗ ಹಿಡಿದುಕೊಡುವ ಓಟಗಾರರು) ಮತ್ತು ವೇಗ ತೋರಿಸುವ ಟ್ರ್ಯಾಕ್ ಪಕ್ಕದ ದೀಪಗಳು ಅದನ್ನು ಮುಚ್ಚುತ್ತವೆ ಎಂದ. ಡೈಮಂಡ್ ಲೀಗ್ ಎಂಬ ವಾರ್ಷಿಕ ಅಥ್ಲೆಟಿಕ್ಸ್ ಕೂಟಗಳ ಸರಣಿ ನೋಡುವವರಿಗೆ ಇದು ಗೊತ್ತು. ಅಲ್ಲಿ ಪೇಸ್‌ಮೇಕರ್ ವೇಗ ಹಿಡಿದುಕೊಡುತ್ತಾನೆ, ಗಾಳಿ ತಡೆಯುತ್ತಾನೆ, ಹಿಂದಿನವನ ಶಕ್ತಿ ಉಳಿಯುತ್ತದೆ. ಚಾಂಪಿಯನ್‌ಶಿಪ್‌ನಲ್ಲಿ ಅದೇನೂ ಇಲ್ಲ. ಮುಂದೆ ಹೋದರೆ ನೀನೇ ಎಲ್ಲರ ಪೇಸ್‌ಮೇಕರ್ ಆಗುತ್ತೀಯ. 2022ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ, ಅಮೆರಿಕದ ಯೂಜೀನ್‌ನಲ್ಲಿ, ಬ್ರಿಟನ್ನಿನ ಜೇಕ್ ವೈಟ್‌ಮನ್ ಯಾಕೊಬ್‌ನನ್ನು ಸೋಲಿಸಿದ್ದೂ ಹೀಗೆಯೇ. ಇದು ವೈಯಕ್ತಿಕ ಬೈಗುಳವಲ್ಲ, ಆಟದ ಬಗ್ಗೆ ಆಡಿದ ಮಾತು. ಸರಿಯೋ ತಪ್ಪೋ ಮೂರೂವರೆ ನಿಮಿಷದಲ್ಲಿ ಟ್ರ್ಯಾಕ್ ಮೇಲೆ ಗೊತ್ತಾಗುತ್ತದೆ. ಇಂಥ ಟೀಕೆಯನ್ನು ನಾನು ಎದೆತಟ್ಟಿ ಬೆಂಬಲಿಸುತ್ತೇನೆ.

ಅದರ ಜೊತೆಗೇ ಕೆರ್ ಯಾಕೊಬ್‌ನ ಅಹಂಕಾರ, ನಡವಳಿಕೆ ಅಂತೆಲ್ಲ ಎಳೆದು ತಂದನಲ್ಲ, ಅದು ಬೇಕಿರಲಿಲ್ಲ. 2024ರ ಫೆಬ್ರುವರಿಯಲ್ಲಿ ಕೆರ್ ಒಳಾಂಗಣ ಎರಡು ಮೈಲಿಯನ್ನು 8:00.67ಕ್ಕೆ ಓಡಿ ಬ್ರಿಟನ್ನಿನ ಮೋ ಫರಾ ಅವರ ದಾಖಲೆ ಮುರಿದ. ಆ ರೇಸ್‌ನಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓಡಿದ್ದರೂ ಗೆಲ್ಲುತ್ತಿದ್ದೆ ಎಂದ ಯಾಕೊಬ್. ಆಗ ಅವನು ಗಾಯದಿಂದ ಹೊರಗಿದ್ದ. ಓಡದೇ ಇದ್ದ ರೇಸನ್ನು ಗೆಲ್ಲುವುದು ಯಾರಿಗಾದರೂ ಸುಲಭ.

ಆದರೂ ಇವರಲ್ಲಿ ನನಗೆ ಇಷ್ಟವಾಗುವುದು ಒಂದಿದೆ. ಇಬ್ಬರೂ ಒಬ್ಬರನ್ನೊಬ್ಬರು ತಪ್ಪಿಸಿಕೊಂಡು ಓಡಾಡಲಿಲ್ಲ. 1981ರಲ್ಲಿ ಬ್ರಿಟನ್ನಿನ ಸೆಬಾಸ್ಟಿಯನ್ ಕೋ ಮತ್ತು ಸ್ಟೀವ್ ಒವೆಟ್ ಹತ್ತೇ ದಿನದಲ್ಲಿ ಮೈಲಿ ದಾಖಲೆಯನ್ನು ಮೂರು ಸಲ ಬದಲಿಸಿದರು, ಆದರೆ ಬೇರೆ ಬೇರೆ ಊರುಗಳಲ್ಲಿ. ಎದುರುಬದುರಾಗಿದ್ದು ಬಹಳ ಕಡಿಮೆ. ಕೆರ್ ಮತ್ತು ಯಾಕೊಬ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಎರಡೂವರೆ ತಿಂಗಳ ಮೊದಲೇ ಯೂಜೀನ್‌ನಲ್ಲಿ ಮೈಲಿ ಓಡಿದರು. ಕೆರ್ 3:45.34ಕ್ಕೆ ಗೆದ್ದ. 1985ರಿಂದ ಸ್ಟೀವ್ ಕ್ರ್ಯಾಮ್ ಹೆಸರಲ್ಲಿದ್ದ ಬ್ರಿಟಿಷ್ ದಾಖಲೆ ಹೋಯಿತು.

ಇನ್ನು ಪ್ಯಾರಿಸ್ ಫೈನಲ್. 2024ರ ಆಗಸ್ಟ್ 6, ನಮ್ಮಲ್ಲಿ ಮಧ್ಯರಾತ್ರಿ ದಾಟಿತ್ತು. ಯಾಕೊಬ್ ಮೊದಲ 400 ಮೀಟರನ್ನು ಸುಮಾರು 55 ಸೆಕೆಂಡಿನಲ್ಲಿ ಮುಗಿಸಿದ. ಹಿಂದಿರುವವರ ಕಾಲು ಸೋಲಲಿ, ಕೊನೆಗೆ ಕಿಕ್ (ಕೊನೆಯ ವೇಗದ ಓಟ) ಉಳಿಯದಿರಲಿ ಅನ್ನುವ ಲೆಕ್ಕ. ಕೊನೆಯ ನೇರದಲ್ಲಿ ಕೆರ್ ಹೊರಗಿನಿಂದ ಬಂದ. ಒಳಗಿನಿಂದ ಅಮೆರಿಕದ ಕೋಲ್ ಹಾಕರ್ ನುಗ್ಗಿದ. ಒಮ್ಮೆ ದಾರಿ ಮುಚ್ಚಿತು, ಮತ್ತೆ ನುಗ್ಗಿದ. ಹಾಕರ್ 3:27.65, ಒಲಿಂಪಿಕ್ ದಾಖಲೆ. ಕೆರ್ 3:27.79, ತನ್ನ ಹಿಂದಿನ ಅತ್ಯುತ್ತಮಕ್ಕಿಂತ ಒಂದು ಸೆಕೆಂಡಿಗೂ ಜಾಸ್ತಿ ಸುಧಾರಣೆ. ಅಮೆರಿಕದ ಯಾರೆಡ್ ನುಗುಸೆ 3:27.80. ಯಾಕೊಬ್ 3:28.24, ನಾಲ್ಕನೆಯವನು. ಟೋಕಿಯೊದಲ್ಲಿ ಚಿನ್ನ ತಂದುಕೊಟ್ಟ ಅವನದೇ ಒಲಿಂಪಿಕ್ ದಾಖಲೆ 3:28.32. ಅದಕ್ಕಿಂತ ವೇಗವಾಗಿ ಓಡಿದರೂ ಪದಕವಿಲ್ಲ!

ಕೆರ್‌ನ ಮಾತು ಯಾಕೊಬ್‌ಗೆ ಚುಚ್ಚದೇ ಇದ್ದಿದ್ದರೆ ಈ ರೇಸ್ ಇಷ್ಟು ವೇಗವಾಗಿ ಓಡುತ್ತಿರಲಿಲ್ಲ ಅಂತ ನಾನು ನಂಬುತ್ತೇನೆ. ರೇಸ್ ಆದಮೇಲೆ ಯಾಕೊಬ್ ಹೆಚ್ಚು ಜೋರಾಗಿ ಹೋಗಿದ್ದು ತನ್ನದೇ ತಪ್ಪು ಎಂದು ಒಪ್ಪಿಕೊಂಡ. ಅವನ ಬಗ್ಗೆ ನನಗೆ ಗೌರವ ಹೆಚ್ಚಿದ್ದು ಅವತ್ತು. ನಾಲ್ಕು ದಿನ ಬಿಟ್ಟು 5000 ಮೀಟರ್ ಚಿನ್ನವನ್ನೂ ಗೆದ್ದ.

2025ರ ಟೋಕಿಯೊ ವಿಶ್ವ ಚಾಂಪಿಯನ್‌ಶಿಪ್ ಇಬ್ಬರಿಗೂ ಕೆಟ್ಟದಾಯಿತು. ಗಾಯದಿಂದ ಬಂದಿದ್ದ ಯಾಕೊಬ್ ಮೊದಲ ಸುತ್ತಿನ ಹೀಟ್ಸ್‌ನಲ್ಲೇ ಹೊರಬಿದ್ದ. ಕೆರ್ ಫೈನಲ್‌ನಲ್ಲಿ ಮೀನಖಂಡಕ್ಕೆ ಪೆಟ್ಟಾಗಿ ಕುಂಟುತ್ತಾ ಕೊನೆಯವನಾಗಿ ಮುಗಿಸಿದ. ಪೋರ್ಚುಗಲ್‌ನ ಇಸಾಕ್ ನಾದರ್ ಗೆದ್ದ.

ಹಾಗಾಗಿ ಪೇಸ್‌ಮೇಕರ್ ಇಲ್ಲದೆ ಯಾಕೊಬ್ ಗೆಲ್ಲಬಲ್ಲನೇ ಎಂದು ಕೆರ್ ಎತ್ತಿದ ಪ್ರಶ್ನೆ ಇನ್ನೂ ಹಾಗೇ ಇದೆ. ಹೊರಾಂಗಣ ವಿಶ್ವ ಚಾಂಪಿಯನ್‌ಶಿಪ್‌ನ 1500 ಮೀಟರ್ ಚಿನ್ನ ಯಾಕೊಬ್ ಕೈಗೆ ಇನ್ನೂ ಬಂದಿಲ್ಲ. ಅವನ ಒಲಿಂಪಿಕ್ ಚಿನ್ನ ಬಂದಿದ್ದು ಹೇಗೆ, ನೆನಪಿದೆಯಾ? ಕೀನ್ಯಾದ ತಿಮೋತಿ ಚೆರುಯೊಟ್‌ನ ಬೆನ್ನಿಗೆ ಅಂಟಿಕೊಂಡು, ಕೊನೆಯಲ್ಲಿ ದಾಟಿ. ಅಂದರೆ ಹಿಂದೆ ಕಾಯುವುದು ಅವನಿಗೆ ಬರುತ್ತದೆ. ಮುಂದಿನ ಫೈನಲ್‌ನಲ್ಲಿ ಅವನು ಕೆರ್‌ನನ್ನು ಮುಂದೆ ಬಿಟ್ಟು ಕಾಯಲಿ. ನನಗೆ ನೋಡಬೇಕಾಗಿರುವ ರೇಸ್ ಅದು.