ಊರ ಡ್ಯಾಮಿನ ಮೀನು ಗುತ್ತಿಗೆಗೆ ಹೋಗಬೇಕೇ?

ಶಿರಸಿಯ ಪೂರ್ವಕ್ಕೆ, ಬನವಾಸಿ ಕಡೆಯ ಸಣ್ಣ ನೀರಾವರಿ ಡ್ಯಾಮುಗಳ ಮೀನಿನ ಹಕ್ಕು ಗುತ್ತಿಗೆದಾರನಿಗೋ, ಊರವರ ಗಾಳಕ್ಕೋ?

ಪರ

ಗಾಳ ಹಾಕುವವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವರ ಗಾಳಕ್ಕೆ ಬೀಳುವ ಕಾಟ್ಲಾ, ರೋಹು, ಮೃಗಾಲ್ ಎಲ್ಲಿಂದ ಬಂದವು? ಮೂರೂ ಉತ್ತರದ ದೊಡ್ಡ ನದಿಗಳ ಗೆಂಡೆಗಳು. ಮೊಟ್ಟೆಯಿಡಲು ಅವಕ್ಕೆ ಹರಿಯುವ ನೀರು ಬೇಕು; ನಮ್ಮ ಡ್ಯಾಮಿನ ನಿಂತ ನೀರಿನಲ್ಲಿ ದಪ್ಪವಾಗುತ್ತವೆಯೇ ಹೊರತು ಮರಿ ಮಾಡುವುದಿಲ್ಲ. 1957ರಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧರಿಯವರು ಚುಚ್ಚುಮದ್ದಿನಿಂದ ಗೆಂಡೆಗಳಿಗೆ ಮೊಟ್ಟೆಯಿಡಿಸಿ ತೋರಿಸಿದ ಮೇಲೆಯೇ ಮರಿಗಳು ಬೇಕೆಂದಾಗ ಸಿಗುವಂತಾದದ್ದು. ಅಂದರೆ ವರ್ಷವೂ ಯಾರಾದರೂ ದುಡ್ಡು ಕೊಟ್ಟು ಮರಿ ತಂದು ಬಿಡಲೇಬೇಕು. ಹಿಡಿಯಲು ಊರೆಲ್ಲ ಇದ್ದು, ಬಿಡಲು ಒಬ್ಬನೂ ಇಲ್ಲದಿದ್ದರೆ ಕೊನೆಗೆ ನಿಂತ ನೀರಲ್ಲೂ ತಾನೇ ಮರಿ ಮಾಡುವ ಜಿಲೇಬಿ (ತಿಲಾಪಿಯಾ) ಮೀನೇ ಗತಿ.

ಗುತ್ತಿಗೆ ಹಿಡಿದವನು ರಾತ್ರಿ ಕಾವಲು ಕಾಯುತ್ತಾನೆ. ಕಾವಲಿಲ್ಲದ ಡ್ಯಾಮಿನಲ್ಲಿ ಮದ್ದು ಸಿಡಿಸಿದ ಮರುದಿನ ನಾನು ಏರಿಯ ಮೇಲೆ ನಿಂತಿದ್ದೆ. ಬೆರಳುದ್ದದ ಮರಿಗಳು ಬಿಳಿ ಹೊಟ್ಟೆ ಮೇಲೆ ಮಾಡಿ ಕಲ್ಲಿಗೆ ಬಂದು ಬಡಿಯುತ್ತಿದ್ದವು. ಆ ದೃಶ್ಯ ಇನ್ನೊಮ್ಮೆ ಬೇಡ.

ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಮೀನುಗಾರಿಕೆ ನಿಷೇಧದಿಂದಾಗಿ ಯಾಂತ್ರಿಕ ದೋಣಿಗಳು ದಡ ಸೇರಿರುತ್ತವೆ. ಘಟ್ಟ ಹತ್ತಿ ಬರುವ ಮೀನಿನ ಗಾಡಿಗಳು ಅಪರೂಪವಾದಾಗ ನಮ್ಮ ಪೇಟೆಗೆ ಸಿಹಿನೀರಿನ ಮೀನು ಬೇಕು. ಅದನ್ನು ಗಾಳದಿಂದ ಒದಗಿಸಲಾಗದು.

ವಿರೋಧ

ಕಾಟ್ಲಾ ಬಿಟ್ಟವನದು, ಒಪ್ಪಿದೆ. ಮುರುಗೋಡು, ಕುಚ್ಚು, ಹಾವುಮೀನುಗಳನ್ನು ಬಿಟ್ಟವರು ಯಾರು? ಒಡ್ಡು ಕಟ್ಟುವ ಮೊದಲೇ ಹಳ್ಳದಲ್ಲಿದ್ದ ಮೀನುಗಳವು. ಗುತ್ತಿಗೆ ಪತ್ರದಲ್ಲಿ ಮಾತ್ರ ಎಲ್ಲವೂ ಒಂದೇ. ಹೀಗಾಗಿ ಗದ್ದೆ ಮುಳುಗಿಸಿಕೊಂಡ ಮನೆಯ ಹುಡುಗನೇ ಆ ನೀರಿಗೆ ಗಾಳ ಹಾಕಿದರೆ ಕಳ್ಳನಾಗುತ್ತಾನೆ.

ನಮ್ಮ ಕೇರಿಯ ಅಜ್ಜಿಯೊಬ್ಬರು ತೂಬಿನ ಪಕ್ಕದ ಕಲ್ಲಿನ ಮೇಲೆ ಕೂರುತ್ತಾರೆ. ಬಿದಿರಿನ ಕೋಲು, ಕರಟದಲ್ಲಿ ಒದ್ದೆ ಮಣ್ಣು, ಅದರೊಳಗೆ ಎರೆಹುಳು. ಬೆಂಡು ನಡುಗಿದರೆ ಅವರ ಕೈ ಅಲುಗುವುದಿಲ್ಲ. "ಮುಟ್ಟಿ ನೋಡುತ್ತಿದೆ" ಎನ್ನುತ್ತಾರೆ. ಬೆಂಡು ಓರೆಯಾಗಿ ಮುಳುಗಿದಾಗ ಮಾತ್ರ ಮಣಿಕಟ್ಟು ತಿರುಗುತ್ತದೆ. ನಾಲ್ಕು ಮುರುಗೋಡು ಸಿಕ್ಕರೆ ರಾತ್ರಿಗೆ ವಾಟೆಹುಳಿ ಹಾಕಿದ ಸಾರು. ಅದರಿಂದ ಯಾವ ಗುತ್ತಿಗೆದಾರನೂ ದಿವಾಳಿಯಾಗುವುದಿಲ್ಲ. ಆದರೂ ಕಾವಲಿನವನು ಅವರನ್ನು ಎಬ್ಬಿಸಿ ಕಳಿಸಿದ್ದಾನೆ.

ಮದ್ದಿನ ಮಾತು ನಿಜ, ಘೋರ. ಆದರೆ ನೀರಿಗೆ ಮದ್ದು, ವಿಷ ಹಾಕುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಅದನ್ನು ತಡೆಯಲು ಊರಿನ ನೀರನ್ನು ಒಬ್ಬನಿಗೆ ಒಪ್ಪಿಸಬೇಕಿಲ್ಲ.

ಇನ್ನು ಆ ಎರಡು ತಿಂಗಳು. ಸಮುದ್ರಕ್ಕೆ ಬಿಡುವು ಕೊಡುವುದು ಮೀನು ಮರಿ ಮಾಡಲಿ ಎಂದೇ ಅಲ್ಲವೇ? ನಮ್ಮ ಹಳ್ಳದ ಮೀನು ಮೊಟ್ಟೆಯಿಡುವುದೂ ಆಗಲೇ. ಮೊದಲ ಮಳೆಯ ಕೆಂಪು ನೀರು ಏರಿದೊಡನೆ ಅವು ಹೊಸ ನೀರಿಗೆ ಎದುರಾಗಿ ಗದ್ದೆಗಳತ್ತ ಹತ್ತುತ್ತವೆ. ಹತ್ತುಮೀನನ್ನು ಕತ್ತಿಯಲ್ಲಿ ಕಡಿಯುವ ನಮ್ಮವರನ್ನು ನಾನು ಸಮರ್ಥಿಸುವುದಿಲ್ಲ, ಅದೂ ನಿಲ್ಲಬೇಕು. ಆದರೆ ತನ್ನ ಕಾಟ್ಲಾ ತಪ್ಪಿಸಿಕೊಳ್ಳದಿರಲೆಂದು ಗುತ್ತಿಗೆದಾರ ಕೋಡಿಗೆ ಅಡ್ಡ ಕಟ್ಟುವ ಸಣ್ಣ ಕಣ್ಣಿನ ಬಲೆ ಹಗಲೂ ರಾತ್ರಿಯೂ ಅಲ್ಲೇ ಇರುತ್ತದೆ. ಕೆಳಗಿನಿಂದ ಬಂದವು ಅದಕ್ಕೆ ಮೂತಿ ಕೊಟ್ಟು ನಿಲ್ಲುತ್ತವೆ.

ಕಳೆದ ಮಳೆಗಾಲದಲ್ಲಿ ಅಲ್ಲಿ ಸಿಕ್ಕಿಕೊಂಡಿದ್ದ ಒಂದು ಮುರುಗೋಡನ್ನು ಬಿಡಿಸಿದೆ. ಎತ್ತಿದ ಕೈಯ ಮೇಲೆಯೇ ಮೊಟ್ಟೆ ಸುರಿಯಿತು.